ಖಾದರ್ ಸಾಬರ ಉದ್ದ ಪ್ಲೇಟು

ಮೈಕ್ ಸೆಟ್ಟಿನ ಕೆಲಸವೆಂದರೆ ಹಾಡು ಹಚ್ಚುವ ಕೆಲಸ ಎಂದು ಈಗಿನ ಹುಡುಗರು ತಿಳಿದಿದ್ದಾರೆ. ನಮ್ಮ ಕಾಲದಲ್ಲಿ ಅದರಲ್ಲಿ ಅರ್ಧ ಬೇವಿನ ಮರ ಹತ್ತುವ ಕೆಲಸ, ಉಳಿದರ್ಧ ಬ್ಯಾಟರಿ ಹೊರುವ ಕೆಲಸ. ಬ್ಯಾಟರಿಯ ಆಸಿಡ್ ಸಿಡಿದು ತೂತಾಗದ ಅಂಗಿಯನ್ನು ನಾನು ನನ್ನ ಮದುವೆಯ ದಿನವೇ ಮೊದಲು ತೊಟ್ಟದ್ದು. ಹಾರ್ನ್ ಕಟ್ಟುವಾಗ ಅದರ ಬಾಯಿ ಊರಿನ ಕಡೆಗಿರಬೇಕು, ಆದರೆ ಊರ ಗೌಡರು ಮಧ್ಯಾಹ್ನ ಮಲಗುವ ಪಡಸಾಲೆಯ ಕಡೆಗಿರಬಾರದು. ಇಂಥವನ್ನೆಲ್ಲ ಬೈಸಿಕೊಂಡೇ ಕಲಿಯಬೇಕಿತ್ತು.

ನನ್ನ ತಮ್ಮನ ಮೊಮ್ಮಗ ಈಗ ಮಸ್ಕಿಯಲ್ಲಿ ಸೌಂಡ್ ಅಂಗಡಿ ಇಟ್ಟಿದ್ದಾನೆ. ಮೊನ್ನೆ ಬಂದವನು, “ಅಜ್ಜಾ, ಯಾವ ಹಾಡು ಹಚ್ಚಿದ್ರ ಮಂದಿ ಖುಷಿ ಆಗ್ತಾರ? ಅಷ್ಟು ಹೇಳಿಬಿಡು,” ಎಂದ. ಜೀವಮಾನವೆಲ್ಲ ಗ್ರಾಮಫೋನ್ ಪ್ಲೇಟು ತಿರುಗಿಸಿದ ನನಗೆ ಇದರ ಉತ್ತರ ಗೊತ್ತಿಲ್ಲ. ಗೊತ್ತಿದೆ ಎಂದುಕೊಂಡಿದ್ದ ಕಾಲವೊಂದಿತ್ತು. ಅದು ಹೇಗೆ ಹೋಯಿತು ಎಂಬುದನ್ನು ಮಾತ್ರ ಹೇಳಬಲ್ಲೆ.

ಸಿಂಧನೂರಿನ ಬಸ್ ನಿಲ್ದಾಣದ ಹಿಂದಿದ್ದ ಖಾದರ್ ಸಾಬರ ಮೈಕ್ ಅಂಗಡಿಗೆ ನಾನು ಸೇರಿದಾಗ ಕಾಲುವೆಯ ನೀರು ಬಂದು ಕೆಲವು ವರ್ಷಗಳಾಗಿದ್ದವು. ಜೋಳ ಬೆಳೆಯುತ್ತಿದ್ದ ಎರೆಹೊಲಗಳಲ್ಲಿ ಭತ್ತ ನಿಂತಿತ್ತು. ಆಂಧ್ರದವರು ಬಂದು ಹೊಲ ಕೊಂಡು, ಕ್ಯಾಂಪು ಎನ್ನುವ ಹೊಸ ಊರುಗಳನ್ನು ಕಟ್ಟಿಕೊಂಡಿದ್ದರು. ಮೊದಲು ಹಲಗೆ ವಾದ್ಯದ ಸಪ್ಪಳದಲ್ಲೇ ಮುಗಿಯುತ್ತಿದ್ದ ಲಗ್ನಗಳಿಗೆ ಮೈಕಿಲ್ಲದಿದ್ದರೆ ಬೀಗರು ಮುಖ ತಿರುಗಿಸುವ ಕಾಲ ಬಂದಿತ್ತು. ನಮಗೆ ಕೈತುಂಬ ಕೆಲಸ.

ಖಾದರ್ ಸಾಬರು ಎತ್ತರದ, ಸಣಕಲು ಮನುಷ್ಯ. ಸಿಟ್ಟು ಬಂದರೆ ಉರ್ದುವಿನಲ್ಲಿ ಬೈಯುತ್ತಿದ್ದರು, ಕರಗಿದರೆ ಕನ್ನಡದಲ್ಲಿ ಮಾತಾಡುತ್ತಿದ್ದರು. ಪ್ಲೇಟುಗಳ ಪೆಟ್ಟಿಗೆಯನ್ನು ಹಾಲಿನ ಗಡಿಗೆಯಂತೆ ಎದೆಗವಚಿ ಹಿಡಿಯುವರು. ಅವರು ನನಗೆ ಮೊದಲು ಹೇಳಿಕೊಟ್ಟ ಪಾಠ ಇಷ್ಟೇ: “ಲೇ ನಿಂಗ್ಯಾ, ಪ್ಲೇಟು ನೋಡಿ ಹಚ್ಚಬ್ಯಾಡ, ಮಂದಿ ಮಾರಿ ನೋಡಿ ಹಚ್ಚು. ಹಾಡು ಪ್ಲೇಟಿನಾಗ ಇರಂಗಿಲ್ಲ.”

ಇದು ಎಷ್ಟು ನಿಜವೆಂದು ನನಗೆ ಮೊದಲು ತೋರಿಸಿದವಳು ಒಂದು ಕ್ಯಾಂಪಿನ ಮುದುಕಿ. ಅಲ್ಲಿ ಲಗ್ನಕ್ಕೆ ಹೋದಾಗಲೆಲ್ಲ ಆಕೆ ಬಂದು ಒಂದು ತೆಲುಗು ಪ್ಲೇಟು ಕೇಳುವಳು. ಅದು ಅತ್ತೆ ಅಳಿಯರ ಜಗಳದ ನಗೆಹಾಡು, ಸಣ್ಣ ಹುಡುಗರು ಬಿದ್ದು ಬಿದ್ದು ನಗುತ್ತಿದ್ದರು. ಆಕೆ ಮಾತ್ರ ಹಾರ್ನಿನ ಕೆಳಗೆ ಕುಕ್ಕರಗಾಲಲ್ಲಿ ಕುಂತು ಸೆರಗಿನಿಂದ ಕಣ್ಣೊರೆಸಿಕೊಳ್ಳುವಳು. ಒಮ್ಮೆ ಕೇಳಿದೆ, “ಯವ್ವಾ, ಇದು ನಗೋ ಹಾಡಲ್ಲೇನು? ಯಾಕ ಅಳ್ತಿ?”

“ಮಾ ಊರು ಗುರ್ತೊಸ್ತುಂದಿ, ನಾಯನಾ,” ಎಂದಳು. ನಮ್ಮೂರು ನೆನಪಾಗತೈತಪ್ಪಾ ಎಂದು. ಹೊಲ ಮಾರಿ ಬಿಟ್ಟುಬಂದ ಊರಿನ ಕಣದಲ್ಲಿ ಸುಗ್ಗಿಯ ಹೊತ್ತಿಗೆ ಆ ಹಾಡು ಹಚ್ಚುತ್ತಿದ್ದರಂತೆ. ಎರಡು ಬೆಳೆ ಚೆನ್ನಾಗಿ ಬಂದು ಆಕೆಯ ಮಗ ಹೆಂಚಿನ ಮನೆ ಕಟ್ಟಿಸಿದ ಮೇಲೆ ಮತ್ತೆ ಆ ಕ್ಯಾಂಪಿಗೆ ಹೋದೆವು. ನಾನಾಗಿಯೇ ಅವಳ ಹಾಡು ಹಚ್ಚಿದೆ. ಮುದುಕಿ ಒಳಗಿನಿಂದಲೇ, ಆ ಹಳೇದನ್ನು ತೆಗೆ, ಕಿವಿ ನೋಯುತ್ತದೆ ಎಂದು ಕೂಗಿದಳು. ಸಾಬರು ನಕ್ಕು, “ನೋಡಿದ್ಯಾ?” ಎಂದರು. ಆಗ ನಾವಿಬ್ಬರೂ ನಗಬಲ್ಲವರಾಗಿದ್ದೆವು.

ಸಾಬರಿಗೆ ಒಬ್ಬಳೇ ಮಗಳು, ರೆಹಾನಾ. ಸಣ್ಣವಳಿದ್ದಾಗ ಕೀಲು ಬಾತು ಜ್ವರ ಬಂದು ಅದು ಎದೆಗೆ ಇಳಿದಿತ್ತು. ನಾಲ್ಕು ಹೆಜ್ಜೆ ಓಡಿದರೆ ತುಟಿ ನೀಲಿಯಾಗುತ್ತಿತ್ತು. ಒಂದು ಬೇಸಿಗೆಯಲ್ಲಿ ಉಸಿರೇ ಹತ್ತದಂತಾದಾಗ ಸಾಬರು ಅವಳನ್ನು ಹೈದರಾಬಾದಿನ ದೊಡ್ಡ ದವಾಖಾನೆಗೆ ಒಯ್ದರು. ಒಂದು ತಿಂಗಳು ಅಂಗಡಿ ನಾನೇ ನೋಡಿಕೊಂಡೆ. ತಿರುಗಿ ಬಂದಾಗ ಹುಡುಗಿಯ ಕೆನ್ನೆಯಲ್ಲಿ ರಕ್ತವಿತ್ತು. ಸಾಬರ ಕಂಕುಳಲ್ಲಿ ತಟ್ಟೆಯಷ್ಟಗಲದ ಒಂದು ಪ್ಲೇಟು, ಕೈಯಲ್ಲಿ ಅದನ್ನು ನಿಧಾನ ತಿರುಗಿಸುವ ಹೊಸ ಯಂತ್ರ.

ಸಿಂಧನೂರಿನಲ್ಲಿ ನಾನು ಕಂಡ ಮೊದಲ ಉದ್ದ ಪ್ಲೇಟು ಅದೇ. ನಮ್ಮ ಹಳೆಯ ಪ್ಲೇಟುಗಳು ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಮುಗಿಯುತ್ತಿದ್ದವು. ಇದರಲ್ಲಿ ಒಬ್ಬಳೇ ಹೆಂಗಸು ಒಂದು ಮಗ್ಗಲು ತುಂಬ ಒಂದೇ ರಾಗ ಹಾಡುತ್ತಿದ್ದಳು. ಮಾತು ಕಡಿಮೆ. ದನಿ ಕೆಳಗಿನಿಂದ ಮೆಲ್ಲಗೆ ಏಳುತ್ತ ಏಳುತ್ತ ಒಂದು ಕಡೆ ನಿಂತುಬಿಡುವುದು. ಅಲ್ಲಿ ಆಕೆ ಉಸಿರು ಎಳೆದುಕೊಂಡದ್ದು ಪ್ಲೇಟಿನಲ್ಲಿ ಕೇಳಿಸುತ್ತಿತ್ತು. ಆಮೇಲೆ ಒಮ್ಮೆಲೇ ಮೇಲಿನ ಸ್ವರ.

“ದಾಗ್ತರ ಹೊರಗ ಬಂದು, ಇನ್ನ ಭಯ ಇಲ್ಲ, ಮನಿಗೆ ಕರಕೊಂಡು ಹೋಗು ಅಂದ್ರು,” ಎಂದು ಸಾಬರು ಹೇಳಿದರು. “ಬೀದಿಗೆ ಬಂದೆ. ಎದುರಿಗೊಂದು ಪ್ಲೇಟಿನ ಅಂಗಡಿ. ಅದರಾಗ ಈಕಿ ಹಾಡಾಕತ್ತಿದ್ಲು. ಫುಟ್‌ಪಾತಿನ ಮ್ಯಾಲೆ ನಿಂತು ಪೂರಾ ಕೇಳ್ದೆ. ಇಷ್ಟು ಖುಷಿ ಹಾಡು ನನ್ನ ಜಿಂದಗಿದಾಗ ಕೇಳಿಲ್ಲ, ನಿಂಗ್ಯಾ.”

ನನಗೆ ಅದರಲ್ಲಿ ಖುಷಿ ಎಲ್ಲಿದೆಯೋ ತಿಳಿಯಲಿಲ್ಲ. ಖರೆ ಹೇಳಬೇಕೆಂದರೆ ನಿದ್ದೆ ಬಂತು. ಆದರೆ ರೆಹಾನಾಗೆ ಅದು ಹಿಡಿಸಿತು. ಸಂಜೆ ಅಂಗಡಿಗೆ ಬಂದು, “ನಿಂಗಣ್ಣ, ನನ್ನ ಪ್ಲೇಟು ಹಚ್ಚು,” ಎನ್ನುವಳು. ಆಂಪ್ಲಿಫೈಯರ್ ಹಚ್ಚಗೊಡುತ್ತಿರಲಿಲ್ಲ. ಅದು ಬಂದ್ ಆಗಿದ್ದರೂ ಪ್ಲೇಟಿಗೆ ತಾಗಿದ ಸೂಜಿಯಿಂದಲೇ ಗುಂಗಾಡಿ ಸೊಳ್ಳೆಯಷ್ಟು ಸಣ್ಣ ದನಿ ಬರುತ್ತದೆ. ಈಗಿನ ಹುಡುಗರಿಗೆ ಇದು ಗೊತ್ತಿರಲಿಕ್ಕಿಲ್ಲ. ತಂದೆ ಮಗಳು ಆಚೆಗೊಂದು ಈಚೆಗೊಂದು ಕಿವಿಯಿಟ್ಟು ಬಗ್ಗಿ ಕೇಳುವರು. ಹಾಡುವಾಕೆ ಉಸಿರೆಳೆಯುವ ಜಾಗ ಬಂದಾಗ ರೆಹಾನಾ ತಾನೂ ಎದೆತುಂಬ ಉಸಿರೆಳೆದುಕೊಂಡು ಅಪ್ಪನ ಮುಖ ನೋಡುವಳು. ನೋಡು, ನನಗೂ ಆಗುತ್ತದೆ ಎನ್ನುವಂತೆ. ಸಾಬರು ಹಿಗ್ಗಿಹೋಗುವರು.

ಆ ಹಿಗ್ಗಿನಲ್ಲೇ ಅವರು ಆ ಪ್ಲೇಟನ್ನು ಗೊರೇಬಾಳದ ಒಂದು ಲಗ್ನಕ್ಕೆ ಒಯ್ದರು. ಮಾರಿ ನೋಡಿ ಹಚ್ಚು ಎಂದು ಕಲಿಸಿದವರೇ ಅಂದು ಯಾರ ಮಾರಿಯನ್ನೂ ನೋಡಲಿಲ್ಲ. ಅಕ್ಕಿಕಾಳು ಬಿದ್ದು, ಮಂದಿ ಊಟಕ್ಕೆ ಕೂಡುವ ಹೊತ್ತು. ಇನ್ನೂ ಆಕೆಯ ದನಿ ಪೂರಾ ಎದ್ದಿರಲಿಲ್ಲ, ಮದುಮಗನ ಸೋದರಮಾವ ಸಾಂಬಾರಿನ ಕೈಯಲ್ಲೇ ಬಂದ.

“ಏನ್ರೀ ಸಾಬ್ರ, ಯಾರರ ಸತ್ತಾರೇನ್ರಿ? ಮದಿವಿ ಮನ್ಯಾಗ ಅಳೋ ಪ್ಲೇಟು ಹಚ್ಚೀರಲ್ಲ?”

“ಇದು ಅಳೋದಲ್ರಿ ಗೌಡ್ರ. ಸ್ವಲ್ಪ ತಡಕೊಳ್ರಿ, ಮುಂದ ಐತಿ,” ಎಂದರು ಸಾಬರು.

“ನಿಮ್ಮ ಮುಂದಿಂದು ನಿಮಗ ಇರ್ಲಿ. ಕುಣಿಯೋದು ಹಚ್ರಿ.”

ಪಂಕ್ತಿಯಲ್ಲಿ ಕುಳಿತವರು ನಕ್ಕರು. ನಾನು ಸೂಜಿ ಎತ್ತಿ ಬೇರೆ ಪ್ಲೇಟು ಹಚ್ಚಿದೆ. ತಿರುಗಿ ಬರುವಾಗ ಚಕ್ಕಡಿಯಲ್ಲಿ ಸಾಬರು, “ಅವರಿಗೆ ಅದು ಅಳು ಹೆಂಗ ಕೇಳಿಸ್ತಲೇ?” ಎಂದು ಕೇಳಿದರು. ಅವರಿಗೆ ಅವಮಾನಕ್ಕಿಂತ ಸೋಜಿಗವೇ ಹೆಚ್ಚಾಗಿತ್ತು.

ಮುಂದಿನ ವರ್ಷ ಮಸ್ಕಿಯ ಕಡೆ ಒಂದು ಹಂಚುಗಾಲುವೆಯ ಕೆಲಸ ನಡೆದಿತ್ತು. ಗುಡಿಸಲು ಹಾಕಿಕೊಂಡಿದ್ದ ಕೂಲಿಯವರು ತಮ್ಮ ಪಾಲಿನ ಕೆಲಸ ಮುಗಿಯಿತೆಂದು ದೇವರ ಊಟಕ್ಕೆ ಮೈಕ್ ಹೇಳಿದ್ದರು. ನಾವು ಬ್ಯಾಟರಿ, ಹಾರ್ನು ಗಾಡಿಯಲ್ಲಿ ಹೇರಿಕೊಂಡು ಸಂಜೆಗೆ ಮುಟ್ಟಿದರೆ ಅಲ್ಲಿ ಒಲೆಗಳೇ ಹೊತ್ತಿರಲಿಲ್ಲ. ಹಿಂದಿನ ದಿನ ಒಡ್ಡಿನ ಮಣ್ಣು ಕುಸಿದು ಒಬ್ಬ ಹರೆಯದ ಗಂಡಾಳು ಅದರಡಿ ಸಿಕ್ಕು ಸತ್ತಿದ್ದ. ಮಣ್ಣು ಮಾಡಿ ಬಂದು ಎಲ್ಲರೂ ಕುಳಿತಿದ್ದರು. ಸಾಬರು ಗಾಡಿ ತಿರುಗಿಸಲು ಹೇಳಿದರು. ಗುಂಪಿನ ಮೇಸ್ತ್ರಿ ಬಂದು ತಡೆದ.

“ಹೋಗಬ್ಯಾಡ್ರಿ, ಸಾಬ್ರ. ಅವನ ಹೇಣ್ತಿ ದುರ್ಗವ್ವ ನಿನ್ನಿಯಿಂದ ಒಂದು ಹನಿ ಕಣ್ಣೀರು ಹಾಕಿಲ್ಲ. ನೀರು ಕುಡದಿಲ್ಲ. ಕಣ್ಣು ಪಿಳಕಿಸವಲ್ಲಳು. ಹೆಂಗಸ್ರು ಹೆದರ್ಯಾರ. ಈ ಸಪ್ಪಳಿಲ್ಲದ್ದು ನಮಗೂ ತಡಕೊಳಾಕ ಆಗವಲ್ದು. ಏನರ ಹಚ್ರಿ.”

ಏನು ಹಚ್ಚುವುದು? ದೇವರ ಹಾಡು ಹಚ್ಚಿದೆ. ಯಾರೂ ತಲೆಯೆತ್ತಲಿಲ್ಲ. ಇನ್ನೊಂದು ಹಚ್ಚಿದೆ. ಕೊನೆಗೆ ನಾನೇ ಕೇಳಿದೆ, “ಸಾಬ್ರ, ಆ ಉದ್ದದ್ದು ಹಚ್ಚಲೇನ್ರಿ?” ಅವರು ಬೇಡವೆನ್ನಲು ಬಾಯಿ ತೆರೆದವರು ದುರ್ಗವ್ವನ ಕಡೆ ನೋಡಿ, ಪೆಟ್ಟಿಗೆಯ ತಳದಿಂದ ತಾವೇ ಅದನ್ನು ತೆಗೆದುಕೊಟ್ಟರು.

ಆ ದನಿ ಎದ್ದಿತು. ಗುಡಿಸಲುಗಳ ನಡುವಿನ ಬಯಲಲ್ಲಿ ಕುಳಿತವರು ಒಬ್ಬೊಬ್ಬರಾಗಿ ಹಾರ್ನಿನ ಕಡೆ ಮುಖ ಮಾಡಿದರು. ಗೊರೇಬಾಳದಲ್ಲಿ ನಕ್ಕವರಂಥವರೇ ಇವರೂ, ರಾಗ ತಾಳ ಕಲಿತವರಲ್ಲ. ಆದರೆ ಯಾರೂ ಕೆಮ್ಮಲಿಲ್ಲ. ಹಾಡುವಾಕೆ ಉಸಿರೆಳೆದು ಮೇಲಿನ ಸ್ವರಕ್ಕೆ ಹೋದಾಗ ದುರ್ಗವ್ವ ಬಾಯಿ ತೆರೆದಳು. ಮೊದಲು ಸದ್ದೇ ಬರಲಿಲ್ಲ. ಆಮೇಲೆ ನೆಲಕ್ಕೆ ಕೈ ಬಡಿದು ಅಳತೊಡಗಿದಳು. ಹೆಂಗಸರು ಅವಳನ್ನು ಅಪ್ಪಿಕೊಂಡರು. ಪ್ಲೇಟು ಮುಗಿದ ಮೇಲೆ ಅವಳಿಗೆ ನೀರು ಕುಡಿಸಿದರು. ಅವಳು ಸಾಬರನ್ನು ಕೇಳಿದಳು:

“ಯಣ್ಣಾ, ಆಕಿ ಯಾರನ್ನ ಕಳಕೊಂಡಾಳ?”

ಸಾಬರ ತುಟಿ ಅಲುಗಿತು. ಆಕೆ ಯಾರನ್ನೂ ಕಳೆದುಕೊಂಡಿಲ್ಲ, ನನ್ನ ಮಗಳು ಉಳಿದ ದಿನ ಕೇಳಿದ ಹಾಡು ಅದು ಎಂದು ಹೇಳಬೇಕೆಂದಿದ್ದರೋ ಏನೋ. “ಗೊತ್ತಿಲ್ಲವ್ವಾ,” ಎಂದಷ್ಟೇ ಹೇಳಿ ಹಾರ್ನ್ ಬಿಚ್ಚಲು ಹೋದರು.

ಆ ಸುದ್ದಿ ಕೂಲಿಯವರ ಬಾಯಿಂದ ಊರೂರಿಗೆ ಹೋಯಿತು. ಅಳದವರನ್ನು ಅಳಿಸುವ ಪ್ಲೇಟು ಖಾದರ್ ಸಾಬರ ಹತ್ತಿರ ಇದೆ ಎಂದು ಆಡಿಕೊಂಡರು. ಸಾವಿನ ಪ್ಲೇಟು ಎಂದೇ ಹೆಸರಾಯಿತು. ಗುರುಗುಂಟಾದಿಂದ ಒಬ್ಬ ಬಂದು, “ನಮ್ಮಪ್ಪ ಹೋಗ್ಯಾನ, ಆ ಪ್ಲೇಟು ಬೇಕಾಗಿತ್ರಿ,” ಎಂದ. ಸಾಬರು ಎದ್ದು ನಿಂತರು.

“ಅದು ನನ್ನ ಮಗಳ ಪ್ಲೇಟೈತಿ. ಸಾವಿಗೆ ಕೊಡಂಗಿಲ್ಲ.”

ಅವನು ಬೇಡಿಕೊಂಡ. ಸಾಬರು ಉರ್ದುವಿನಲ್ಲಿ ಬೈದರು. ಆತ ಅಂಗಡಿಯ ಮೆಟ್ಟಿಲಿಳಿದು ಹೋಗುವುದನ್ನು ನೋಡುತ್ತ ಆಮೇಲೆ ಅವರೇ ತಲೆಯ ಮೇಲೆ ಕೈ ಹೊತ್ತು ಕುಳಿತರು. ಮನೆಯಲ್ಲಿ ಹೆಂಗಸರು ಕೂಡ ಆ ಪ್ಲೇಟನ್ನು ಹುಡುಗಿಯ ಮುಂದೆ ಹಚ್ಚಬೇಡಿ ಎನ್ನತೊಡಗಿದ್ದರು. ರೆಹಾನಾ ಕೇಳಬೇಕಲ್ಲ. ದೊಡ್ಡವಳಾಗಿದ್ದಳು, ಮೊದಲಿನಂತೆ ಅಂಗಡಿಗೆ ಬರುವಂತಿರಲಿಲ್ಲ. ಯಂತ್ರವನ್ನೇ ಮನೆಗೆ ತರಿಸಿಕೊಂಡಳು. “ಮಂದಿ ಏನರ ಅನ್ಲಿ, ನಿಂಗಣ್ಣ. ಇದು ನಾ ಬದುಕಿದ ಹಾಡು,” ಎಂದಳು.

ಹಳೆಯ ಕಾಯಿಲೆ ತಿರುಗಿ ಬಂದದ್ದು ಒಂದು ಮಳೆಗಾಲದಲ್ಲಿ. ಕಾಲು ಬಾತವು. ದಿಂಬಿಗೊರಗಿ ಕೂತೇ ನಿದ್ದೆ ಮಾಡುತ್ತಿದ್ದಳು. ಲಿಂಗಸುಗೂರಿನ ಡಾಕ್ಟರು ನೋಡಿ, ಹೈದರಾಬಾದಿಗೆ ಒಯ್ದರೂ ಈಗ ಮಾಡುವಂಥದ್ದು ಉಳಿದಿಲ್ಲ, ದಾರಿಯ ಕುಲುಕಾಟ ತಡೆಯಲಾರಳು ಎಂದರು. ನಾನು ನೋಡಲು ಹೋದ ಕೊನೆಯ ಸಲ ಪ್ಲೇಟು ತಿರುಗುತ್ತಿತ್ತು. ಆ ಜಾಗ ಬಂತು. ಹಾಡುವಾಕೆ ಉಸಿರೆಳೆದಳು. ರೆಹಾನಾ ಪ್ರಯತ್ನಿಸಿದಳು; ಅರ್ಧಕ್ಕೇ ಕೆಮ್ಮು ಬಂತು. ಅಪ್ಪನ ಮುಖ ನೋಡದೆ ಗೋಡೆಯ ಕಡೆ ತಿರುಗಿದಳು. ಸಾಬರು ಎದ್ದು ಸೂಜಿ ಎತ್ತಿದರು. ಅದೇ ವಾರ ಅವಳು ತೀರಿಕೊಂಡಳು.

ನಲವತ್ತನೆಯ ದಿನದ ಫಾತಿಹಾ ಮುಗಿದ ಮೇಲೆ ಒಂದು ಮಧ್ಯಾಹ್ನ ಸಾಬರು ಯಂತ್ರ ಹೊತ್ತುಕೊಂಡು ಅಂಗಡಿಗೆ ಬಂದರು. ಬಾಗಿಲು ಮುಂದೆ ಮಾಡಿ, “ಹಚ್ಚು,” ಎಂದರು.

“ಸಾಬ್ರ, ಇವತ್ತು ಬ್ಯಾಡ್ರಿ.”

“ನನಗ ಅಳು ಬರವಲ್ದು, ನಿಂಗ್ಯಾ. ಮಣ್ಣು ಕೊಡಾಗ ಬರ್ಲಿಲ್ಲ. ಆಕಿ ಗಾಜಿನ ಬಳಿ ಸಿಕ್ಕುವು, ಕೈಯಾಗ ಹಿಡಕೊಂಡು ಕುಂತೆ, ಆಗೂ ಬರ್ಲಿಲ್ಲ. ಎದಿಯಾಗ ಕಲ್ಲು ಕುಂತಂಗ ಕುಂತೈತಿ. ಆ ದುರ್ಗವ್ವಗ ಬಂತಲ್ಲ, ನನಗೂ ಬರ್ತೈತಿ. ಹಚ್ಚು.”

ಹಚ್ಚಿದೆ. ಆಂಪ್ಲಿಫೈಯರ್ ಬೇಡವೆಂದರು. ಮಗಳೊಂದಿಗೆ ಬಗ್ಗುತ್ತಿದ್ದಂತೆಯೇ ಸೂಜಿಗೆ ಕಿವಿಯಿಟ್ಟು ಬಗ್ಗಿದರು. ನಾನು ಅವರ ಬೆನ್ನನ್ನೇ ನೋಡುತ್ತಿದ್ದೆ. ಆ ಜಾಗ ಬಂತು, ಹೋಯಿತು. ಬೆನ್ನು ಅಲುಗಲಿಲ್ಲ. ಮಗ್ಗಲು ಮುಗಿದು ಸೂಜಿ ಕರಕರ ಎಂದಿತು. ಅವರು ತಲೆಯೆತ್ತಿ ನನ್ನನ್ನು ಸಂಶಯದಿಂದ ನೋಡಿದರು.

“ಬ್ಯಾರೆ ಪ್ಲೇಟು ಹಚ್ಚೀಯೇನಲೇ?”

“ಇಲ್ರಿ ಸಾಬ್ರ. ಅದ ಐತ್ರಿ.”

ಪ್ಲೇಟು ಎತ್ತಿ ಬೆಳಕಿಗೆ ಹಿಡಿದು ಎರಡೂ ಮಗ್ಗಲು ನೋಡಿದರು. “ಇದರಾಗ ಏನೂ ಇಲ್ಲಲೋ,” ಎಂದರು. “ಖುಷಿನೂ ಇಲ್ಲ, ದುಃಖಾನೂ ಇಲ್ಲ. ಯಾವಳೋ ಒಬ್ಬಾಕಿ ಹಾಡಾಕತ್ತಾಳ.”

ಅಲ್ಲಿಗೆ ಬಿಡಲಿಲ್ಲ ಅವರು. ಬೆಳಗಿನ ನಮಾಜಿನ ಮೇಲೆ ಹಚ್ಚಿಸಿದರು. ಕಾಲುವೆಯ ದಂಡೆಗೆ ಒಯ್ದು ಹಚ್ಚಿಸಿದರು. ಉಪವಾಸವಿದ್ದು ಕೇಳಿದರು. ಸೂಜಿ ಬದಲಿಸಿದರು, ಯಂತ್ರದ ಬೆಲ್ಟು ಬದಲಿಸಿದರು. ಹಾಡು ಸರಿಯಾಗಿಯೇ ಇತ್ತು. ಅಷ್ಟು ಹೊತ್ತಿಗೆ ನಾನು ಅದನ್ನು ಕೇಳಲಾರದವನಾಗಿದ್ದೆ; ಹಚ್ಚಿಕೊಟ್ಟು ಏನಾದರೂ ನೆವ ಹೇಳಿ ದೂರ ಹೋಗುತ್ತಿದ್ದೆ. ಮೊದಲು ನಿದ್ದೆ ಬರಿಸಿದ್ದ ಹಾಡಿನಲ್ಲಿ ಈಗ ನನಗೆ ರೆಹಾನಾಳ ಉಸಿರೇ ಕೇಳಿಸುತ್ತಿತ್ತು.

ಒಂದು ದಿನ, “ಹೈದರಾಬಾದಿಗೆ ನಡಿ,” ಎಂದರು. “ಅಲ್ಲೇ ನಿಂತು ಕೇಳ್ದರ ಬರಬಹುದು.”

ರಾಯಚೂರಿಗೆ ಬಸ್ಸು, ಅಲ್ಲಿಂದ ರೈಲು. ದಾರಿಯುದ್ದಕ್ಕೂ ಪ್ಲೇಟನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ದವಾಖಾನೆ ಅಲ್ಲೇ ಇತ್ತು. ಎದುರಿನ ಅಂಗಡಿಯೂ ಇತ್ತು. ಅಂಗಡಿಯವನಿಗೆ ಸಾಬರು ಏನೂ ವಿವರಿಸಲಿಲ್ಲ. ಈ ಪ್ಲೇಟನ್ನು ನಿಮ್ಮ ಯಂತ್ರದಲ್ಲಿ ಹಚ್ಚಿ ಎಂದಷ್ಟೇ ಉರ್ದುವಿನಲ್ಲಿ ಕೇಳಿಕೊಂಡರು. ಸಾಬರ ಮುಖ ನೋಡಿ ಅವನು ಒಪ್ಪಿದ. ಸಾಬರು ಹೊರಗೆ ಬಂದು ಫುಟ್‌ಪಾತಿನ ಮೇಲೆ ನಿಂತರು. ಒಂದು ಹೆಜ್ಜೆ ಆಚೆ ಸರಿದರು, ಮತ್ತೆ ಈಚೆ ಬಂದರು. ಎಲ್ಲಿ ನಿಂತಿದ್ದರೋ ಆ ಜಾಗ ಹುಡುಕುತ್ತಿದ್ದರು.

ರಿಕ್ಷಾಗಳ ಗಂಟೆ, ಚಹಾದಂಗಡಿಯ ಗದ್ದಲ, ಅದರ ನಡುವೆ ಆ ದನಿ ಎದ್ದಿತು. ದವಾಖಾನೆಯ ಬಾಗಿಲಿನಿಂದ ಯಾರೋ ಒಂದು ಮಗುವನ್ನು ಹೆಗಲ ಮೇಲೆ ಹೊತ್ತು ನಗುತ್ತ ಹೊರಗೆ ಬಂದರು. ಸಾಬರು ಕಣ್ಣು ಮುಚ್ಚಿ ನಿಂತಿದ್ದರು. ನಾನು ಓಡಿಹೋಗಲು ಅಲ್ಲಿ ಎಡೆಯಿರಲಿಲ್ಲ. ಹಾಡುವಾಕೆ ಉಸಿರೆಳೆದಾಗ ನನಗೆ ತಡೆಯಲಾಗಲಿಲ್ಲ. ಗೋಡೆಯ ಕಡೆ ತಿರುಗಿ ಟವೆಲ್ಲು ಬಾಯಿಗೆ ತುರುಕಿಕೊಂಡು ಅತ್ತೆ. ಮುಗಿದ ಮೇಲೆ ಹೆಗಲ ಮೇಲೆ ಅವರ ಕೈ ಬಿತ್ತು. ಅವರ ಕಣ್ಣು ಒಣಗಿದ್ದವು.

“ನಿನಗರ ಬಂತಲ್ಲೋ,” ಎಂದರು.

ಅದರಲ್ಲಿ ಹೊಟ್ಟೆಕಿಚ್ಚಿರಲಿಲ್ಲ. ನನ್ನ ಬೆನ್ನು ಸವರಿದರು. ಆಮೇಲೆ, “ನಡಿ,” ಎಂದರು. ಅಂಗಡಿಯವನು ಪ್ಲೇಟು ಕವರಿಗೆ ಹಾಕಿ ಹಿಂದೆಯೇ ಕೂಗುತ್ತ ಬಂದ. ಸಾಬರು ತಿರುಗಿ ನೋಡಲಿಲ್ಲ. ನಾನು ಹೋಗಿ ತೆಗೆದುಕೊಳ್ಳಲೇ ಎಂದರೆ ಬೇಡವೆಂದು ಕೈಯಾಡಿಸಿದರು. ರೈಲಿನಲ್ಲಿ ಕೃಷ್ಣಾ ನದಿಯ ಸೇತುವೆ ದಾಟಿದ ಮೇಲೆ ಒಮ್ಮೆ ಬಾಯಿಬಿಟ್ಟರು.

“ಆಕಿ ಚಲೋ ಹಾಡ್ಯಾಳ.”

ಯಾರದೋ ಮನೆಯ ಊಟ ಹೊಗಳುವಂತೆ ಹೇಳಿದರು. ಆ ಮೇಲೆ ಬಹಳ ವರ್ಷ ಬದುಕಿದ್ದರು, ಹಾಡುಗಳ ಬಗ್ಗೆ ನನ್ನೊಡನೆ ಇನ್ನೊಂದು ಮಾತಾಡಲಿಲ್ಲ. ಮಂದಿಯ ಮುಖ ನೋಡಿ ಪ್ಲೇಟು ಆರಿಸುವುದೂ ನನ್ನ ಪಾಲಿಗೇ ಬಂತು. ನಾನು ಆರಿಸುತ್ತಿದ್ದೆ. ಸರಿಯಾಗಿಯೇ ಆರಿಸುತ್ತಿದ್ದೆ ಎಂದು ಮಂದಿ ಹೇಳುತ್ತಿದ್ದರು.

ಹೈದರಾಬಾದಿನಿಂದ ಊರಿಗೆ ಬಂದ ಮರುದಿನವೇ ಲಿಂಗಸುಗೂರಿನಲ್ಲಿ ಲಗ್ನವಿತ್ತು. ಒಪ್ಪಿಕೊಂಡ ಕೆಲಸ, ಬಿಡುವಂತಿರಲಿಲ್ಲ. ಮರ ಹತ್ತಿ ಹಾರ್ನ್ ಕಟ್ಟಿದೆ. ಹುಡುಗರು ಕುಣಿಯುವ ಪ್ಲೇಟು ಕೇಳಿದರು, ಹಚ್ಚಿದೆ. ಅದನ್ನೇ ಮತ್ತೆ ಮತ್ತೆ ಕೇಳಿದರು, ಮತ್ತೆ ಮತ್ತೆ ಹಚ್ಚಿದೆ. ಚಪ್ಪರದ ತುಂಬ ಧೂಳೆದ್ದಿತು. ಬ್ಯಾಟರಿಯ ಒಂದು ತಂತಿ ಸಡಿಲಾಗಿ ಹಾಡು ಕಡಿದು ಕಡಿದು ಬರುತ್ತಿತ್ತು. ಸಾಬರು ನೆಲದ ಮೇಲೆ ಕುಳಿತು, ಕುಣಿಯುವವರಿಗೆ ಬೆನ್ನು ಮಾಡಿ, ಆ ತಂತಿ ಕಳಚದಂತೆ ಲಗ್ನ ಮುಗಿಯುವವರೆಗೆ ಎರಡು ಬೆರಳಲ್ಲಿ ಒತ್ತಿ ಹಿಡಿದಿದ್ದರು.